ಮೂರನೇ ಸೆಮಿಸ್ಟರ್‌ಗೆ ಕಾಲೇಜು ಬದಲಿಸಬೇಕಾ? ಟಿಸಿ ಕೇಳುವ ಮುಂಚೆ ಇದನ್ನು ಓದಿ

ಪ್ರತಿ ವರ್ಷ ಎರಡನೇ ಸೆಮಿಸ್ಟರ್ ಪರೀಕ್ಷೆ ಮುಗಿಯುವ ಹೊತ್ತಿಗೆ ಊರ ಕಡೆಯಿಂದ ನನಗೆ ಎರಡು ಮೂರು ಫೋನ್ ಬರುತ್ತವೆ. "ಅಣ್ಣ, ಈ ಕಾಲೇಜು ಆಗ್ತಾ ಇಲ್ಲ, ಬೇರೆ ಕಡೆ ಹೋಗಬಹುದಾ?" ಇಲ್ಲವೇ, "ಸಿವಿಲ್ ತಗೊಂಡು ತಪ್ಪು ಮಾಡಿದೆ, ಸಿಎಸ್ (ಕಂಪ್ಯೂಟರ್ ಸೈನ್ಸ್) ಸಿಗುತ್ತಾ?" ನಾನು ಮೊದಲ ವರ್ಷ ಬೆಂಗಳೂರಿನ ಹೊರವಲಯದ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಮೂರನೇ ಸೆಮಿಸ್ಟರ್‌ಗೆ ಹಾಸನದ ಕಡೆಗೆ ಬಂದವನು. ಅಪ್ಪನಿಗೆ ಹುಷಾರಿರಲಿಲ್ಲ, ಮನೆಯಿಂದಲೇ ಓಡಾಡಿಕೊಂಡು ಓದಬೇಕಿತ್ತು. ಆ ಎರಡು ತಿಂಗಳು ಆಫೀಸಿಂದ ಆಫೀಸಿಗೆ ಅಲೆದದ್ದರಿಂದಲೇ ಈ ವಿಷಯದಲ್ಲಿ ಊರಿಗೆಲ್ಲ ಸಲಹೆಗಾರ ಆಗಿದ್ದೇನೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಒಂದೇ ಸಲ ಬರೆದುಬಿಡುತ್ತೇನೆ.

ಇಲ್ಲಿ ಹೇಳುವುದು ಹೆಚ್ಚಾಗಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಇಂಜಿನಿಯರಿಂಗ್ ಬಗ್ಗೆ. 1998ರಲ್ಲಿ ಶುರುವಾದ, ಬೆಳಗಾವಿಯಲ್ಲಿ ಮುಖ್ಯ ಕಚೇರಿ ಇರುವ ಈ ವಿಶ್ವವಿದ್ಯಾಲಯದ ಕೆಳಗೆ ಬೀದರಿನಿಂದ ಚಾಮರಾಜನಗರದವರೆಗೆ 200ಕ್ಕೂ ಜಾಸ್ತಿ ಕಾಲೇಜುಗಳಿವೆ. ಸ್ವಾಯತ್ತ ಕಾಲೇಜುಗಳನ್ನು ಬಿಟ್ಟರೆ ಎಲ್ಲರಿಗೂ ಒಂದೇ ಸಿಲಬಸ್, ಒಂದೇ ದಿನ ಒಂದೇ ಪ್ರಶ್ನೆಪತ್ರಿಕೆ. ಹಾಗಾಗಿ ಒಂದು ಕಾಲೇಜಿಂದ ಇನ್ನೊಂದಕ್ಕೆ ಹೋಗಲು ದಾರಿ ಇದೆ. ವಿಶ್ವವಿದ್ಯಾಲಯ ಅದೇ ಆದ್ದರಿಂದ ಮೈಗ್ರೇಷನ್ ಸರ್ಟಿಫಿಕೇಟ್ ಕೂಡ ಬೇಕಿಲ್ಲ. ಯಾರಾದರೂ "ಮೈಗ್ರೇಷನ್ ಮಾಡಿಸಿಕೊಡ್ತೀನಿ, ಇಷ್ಟು ಕೊಡಿ" ಅಂದರೆ ಆ ಮನುಷ್ಯನಿಗೆ ಅಲ್ಲೇ ಕೈ ಮುಗಿಯಿರಿ.

ಮೊದಲು ಒಂದು ಮಾತು. ಇದು ನಿಮ್ಮ ಮಾರ್ಕ್ಸ್ ಮೇಲೆ, ಕಷ್ಟದ ಮೇಲೆ, ಅಪ್ಪನ ಪರಿಚಯದ ಮೇಲೆ ನಡೆಯುವ ಕೆಲಸ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ. ನೀವು ಹೋಗಬೇಕಾದ ಕಾಲೇಜಿನಲ್ಲಿ, ನಿಮಗೆ ಬೇಕಾದ ಬ್ರಾಂಚಿನಲ್ಲಿ, ನಿಮ್ಮ ಬ್ಯಾಚಿನಲ್ಲಿ ಒಂದು ಸೀಟು ಖಾಲಿ ಇರಬೇಕು. ಅದಿಲ್ಲದಿದ್ದರೆ ಚಿನ್ನದ ಪದಕ ತೋರಿಸಿದರೂ ಆಗಲ್ಲ.

ನಿಮಗೆ ಬೇಕಾದ್ದು ಯಾವುದು?

ಕಾಲೇಜು ಬದಲಾವಣೆ ಬೇರೆ, ಬ್ರಾಂಚ್ ಬದಲಾವಣೆ ಬೇರೆ. ಇದೇ ಬ್ರಾಂಚಿನಲ್ಲಿ ಇದ್ದು ಕಾಲೇಜು ಬದಲಿಸುವುದಾದರೆ ಎರಡು ಕಾಲೇಜಿನ ಒಪ್ಪಿಗೆ ಮತ್ತು ವಿಶ್ವವಿದ್ಯಾಲಯದ ಒಪ್ಪಿಗೆ ಬೇಕು. ಇದೇ ಕಾಲೇಜಿನಲ್ಲಿ ಬ್ರಾಂಚ್ ಬದಲಿಸುವುದಾದರೆ ಕಾಲೇಜಿನವರೇ ಅರ್ಜಿ ಕರೆದು, ಮೊದಲ ವರ್ಷದ ಅಂಕಗಳ ಮೇಲೆ ಮೆರಿಟ್ ಪಟ್ಟಿ ಮಾಡಿ, ಖಾಲಿ ಇರುವಷ್ಟು ಸೀಟು ಹಂಚಿ, ಒಪ್ಪಿಗೆಗೆ ಕಳಿಸುತ್ತಾರೆ. ಇದಕ್ಕೆ ಮೊದಲ ವರ್ಷದ ಎಲ್ಲಾ ವಿಷಯ ಪಾಸಾಗಿರಬೇಕು. ಎರಡೂ ಒಟ್ಟಿಗೆ ಬೇಕು ಅಂತ ಹೋದವರನ್ನು ನಾನು ನೋಡಿದ್ದೇನೆ. ಅವರು ಎರಡು ಕಡೆಯ ಆಫೀಸಿನವರನ್ನೂ ಗೊಂದಲಕ್ಕೆ ಹಾಕಿ, ಕೊನೆಗೆ ಒಂದೂ ಸಿಗದೆ ಹಳೇ ಬೆಂಚಿಗೇ ವಾಪಸ್ ಬಂದರು. ಯಾವುದು ಮುಖ್ಯ ಅಂತ ಮನೆಯಲ್ಲೇ ಕೂತು ತೀರ್ಮಾನ ಮಾಡಿಕೊಂಡು ಹೊರಡಿ.

ಇನ್ನೊಂದು, ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ನೀವು ಎಸ್‌ಎನ್‌ಕ್ಯೂ ಸೀಟಿನಲ್ಲಿ ಸೇರಿದ್ದರೆ, ಅಂದರೆ ಮನೆಯ ಆದಾಯ ಕಡಿಮೆ ಅಂತ ಬೋಧನಾ ಶುಲ್ಕ ಮನ್ನಾ ಆಗಿ ಸಿಕ್ಕ ಆ ಹೆಚ್ಚುವರಿ 5% ಸೀಟಿನಲ್ಲಿ, ನಿಮಗೆ ಈ ದಾರಿ ಇಲ್ಲ. ಶುಲ್ಕ ವಿನಾಯಿತಿಯಲ್ಲಿ ಸೇರಿದವರು ಯಾವ ಕಾರಣಕ್ಕೂ ಕಾಲೇಜಾಗಲಿ ಕೋರ್ಸಾಗಲಿ ಬದಲಿಸುವಂತಿಲ್ಲ ಅಂತ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇ ನಿಯಮದಲ್ಲೇ ಇದೆ. ನಮ್ಮ ಪಕ್ಕದ ಬೀದಿಯ ಹುಡುಗಿಯೊಬ್ಬಳು ಎರಡು ಕಾಲೇಜಿಗೂ ಓಡಾಡಿ, ಪತ್ರ ಎಲ್ಲ ತಯಾರು ಮಾಡಿಕೊಂಡ ಮೇಲೆ ಇದು ಗೊತ್ತಾಯಿತು. ನಿಮ್ಮ ಸಿಇಟಿ ಸೀಟು ಹಂಚಿಕೆ ಪತ್ರ ತೆಗೆದು ಯಾವ ಕೋಟಾ ಅಂತ ಇವತ್ತೇ ನೋಡಿ.

(ತಮ್ಮ, ತಂಗಿ ಈಗ ಪಿಯುಸಿ ಮುಗಿಸುತ್ತಿದ್ದರೆ ಅವರಿಗೆ ಹೇಳಿ, ಅತಿ ಅಗ್ಗದ ಬದಲಾವಣೆ ಆಗುವುದು ಸಿಇಟಿ ಕೌನ್ಸೆಲಿಂಗ್‌ನಲ್ಲೇ. ಸಿಕ್ಕ ಸೀಟು ಇರಲಿ, ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಒಳ್ಳೆಯದು ಬಂದರೆ ಅದು ಕೊಡಿ ಅನ್ನುವುದು ಚಾಯ್ಸ್ 2. ಅವಸರದಲ್ಲಿ, ಸಿಕ್ಕಿದ್ದೇ ಸಾಕು ಅನ್ನುವ ಚಾಯ್ಸ್ 1 ಒತ್ತಿ, ಆಮೇಲೆ ಮೂರನೇ ಸೆಮಿಸ್ಟರ್‌ಗೆ ಅಲೆಯುವವರೇ ಜಾಸ್ತಿ.)

ಖಾಲಿ ಸೀಟು ಹುಡುಕುವುದು

ರಿಸಲ್ಟ್ ಬರುವವರೆಗೆ ಕಾಯಬೇಡಿ. ಎರಡನೇ ಸೆಮಿಸ್ಟರ್ ರಿಸಲ್ಟ್‌ಗೂ ಮೂರನೇ ಸೆಮಿಸ್ಟರ್ ಶುರುವಾಗುವುದಕ್ಕೂ ನಡುವೆ ಸಿಗುವ ದಿನಗಳು ತುಂಬಾ ಕಡಿಮೆ, ಕೆಲವು ಸಲ ರಿಸಲ್ಟ್ ಬರುವ ಮುಂಚೆಯೇ ಕ್ಲಾಸ್ ಶುರುವಾಗಿರುತ್ತದೆ. ಪರೀಕ್ಷೆ ಮುಗಿದ ವಾರದಲ್ಲೇ ನೀವು ಹೋಗಬೇಕೆಂದಿರುವ ಕಾಲೇಜಿಗೆ ಖುದ್ದಾಗಿ ಹೋಗಿ. ಫೋನ್ ಮಾಡಿದರೆ "ಆಮೇಲೆ ಮಾಡಿ" ಅನ್ನುತ್ತಾರೆ, ಅಷ್ಟೇ. ಅಡ್ಮಿಷನ್ ವಿಭಾಗದಲ್ಲಿ ಹೋಗಿ "ಸಾರ್, ಇಸಿಯಲ್ಲಿ (ಎಲೆಕ್ಟ್ರಾನಿಕ್ಸ್) ಮೂರನೇ ಸೆಮಿಸ್ಟರ್‌ಗೆ ಎಷ್ಟು ಖಾಲಿ ಇದೆ, ಯಾವ ಕೋಟಾದಲ್ಲಿ?" ಅಂತ ನೇರವಾಗಿ ಕೇಳಿ. "ಸೀಟು ಸಿಗುತ್ತಾ" ಅಂತ ಕೇಳಿದರೆ "ನೋಡೋಣ" ಅನ್ನುವ ಉತ್ತರ ಬರುತ್ತದೆ. ಎಷ್ಟು ಅಂತ ಕೇಳಿದರೆ ಅವರು ರಿಜಿಸ್ಟರ್ ತೆಗೆಯಲೇಬೇಕು.

ಖಾಲಿ ಸೀಟಿನ ಲೆಕ್ಕ ಹೀಗಿರುತ್ತದೆ. ಒಂದು ಬ್ರಾಂಚಿಗೆ ಮಂಜೂರಾದದ್ದು 60 ಅಂತ ಇಟ್ಟುಕೊಳ್ಳಿ. ಮೊದಲ ವರ್ಷ ಸೇರಿದವರು 52. ಎಂಟು ಖಾಲಿ ಅಂತ ಖುಷಿಪಡಬೇಡಿ, ಏಕೆಂದರೆ ಡಿಪ್ಲೊಮಾ ಮುಗಿಸಿ ಡಿಸಿಇಟಿ ಪ್ರವೇಶ ಪರೀಕ್ಷೆ ಮೂಲಕ ನೇರ ಮೂರನೇ ಸೆಮಿಸ್ಟರ್‌ಗೆ ಬರುವವರಿಗೆ ಮಂಜೂರಾತಿಯ ಮೇಲೆ 10% ಹೆಚ್ಚುವರಿ ಸೀಟು ಇರುವುದಲ್ಲದೆ, ಮೊದಲ ವರ್ಷದಲ್ಲಿ ತುಂಬದೆ ಉಳಿದ ಸೀಟುಗಳೂ ಅವರಿಗೆ ತೆರೆದಿರುತ್ತವೆ. ಅಂದರೆ ನೀವು ಕಣ್ಣಿಟ್ಟ ಸೀಟಿನ ಮೇಲೆ ಇನ್ನೊಂದು ಕ್ಯೂ ಕೂಡ ಕಣ್ಣಿಟ್ಟಿದೆ. ಇವತ್ತು ಖಾಲಿ ಇದೆ ಅಂದದ್ದು ಮುಂದಿನ ತಿಂಗಳು ಇರಬೇಕೆಂದಿಲ್ಲ.

ಸಿಎಸ್, ಎಐ ಕಡೆ ಹೋಗಬೇಕು ಅನ್ನುವವರಿಗೆ ಕಹಿ ಮಾತು ಹೇಳಲೇಬೇಕು. ಎಲ್ಲರೂ ಹೋಗಬೇಕು ಅನ್ನುವ ಬ್ರಾಂಚಿನಿಂದ ಯಾರೂ ಹೊರಗೆ ಬರುವುದಿಲ್ಲ, ಹಾಗಾಗಿ ಅಲ್ಲಿ ಖಾಲಿ ಬೀಳುವುದಿಲ್ಲ. ಒಳ್ಳೇ ಹೆಸರಿರುವ ಕಾಲೇಜಿನ ಸಿಎಸ್‌ನಲ್ಲಿ ಎರಡು ಸೀಟು ಬಿದ್ದರೆ ಅದಕ್ಕೆ ಅದೇ ಕಾಲೇಜಿನ ಸಿವಿಲ್, ಮೆಕ್ಯಾನಿಕಲ್‌ನ ಅತಿ ಹೆಚ್ಚು ಸಿಜಿಪಿಎ (ಹತ್ತಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) ಇರುವ ಇಪ್ಪತ್ತು ಮೂವತ್ತು ಜನ ನಿಂತಿರುತ್ತಾರೆ. ನಿಮ್ಮ ಸಿಜಿಪಿಎ 9ರ ಹತ್ತಿರ ಇದ್ದರೆ ಅರ್ಜಿ ಹಾಕಿ. 7 ಇದ್ದರೂ ಹಾಕಿ, ಹಾಕುವುದಕ್ಕೇನು, ಆದರೆ ಮೂರನೇ ಸೆಮಿಸ್ಟರ್ ಪುಸ್ತಕ ಹಳೇ ಬ್ರಾಂಚಿನದ್ದೇ ತಗೊಂಡು ಓದಲು ಶುರು ಮಾಡಿ.

ಇನ್ನೊಂದು ತೊಡಕು ಸ್ಟ್ರೀಮ್‌ನದ್ದು. ಮುಂಚೆ ಪಿ ಸೈಕಲ್, ಸಿ ಸೈಕಲ್ (ಒಂದು ಸೆಮಿಸ್ಟರ್ ಭೌತಶಾಸ್ತ್ರ, ಇನ್ನೊಂದು ರಸಾಯನಶಾಸ್ತ್ರ) ಅಂತಿದ್ದರೂ ಮೊದಲ ವರ್ಷದ ಗಣಿತ ಎಲ್ಲರಿಗೂ ಒಂದೇ ಇತ್ತು. 2022ರ ಪಠ್ಯಕ್ರಮದ ಸ್ಕೀಮ್‌ನಲ್ಲಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಎಲ್ಲವನ್ನೂ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಅಂತ ನಾಲ್ಕು ಸ್ಟ್ರೀಮ್ ಮಾಡಿ ಹಂಚಿದರು. ನೀವು ಸಿವಿಲ್ ಸ್ಟ್ರೀಮ್ ಗಣಿತ ಓದಿ ಕಂಪ್ಯೂಟರ್ ಕಡೆ ಹೋದರೆ, ಮೂರನೇ ಸೆಮಿಸ್ಟರ್ ಮೇಷ್ಟ್ರು "ಇದನ್ನೆಲ್ಲ ಹೋದ ವರ್ಷ ನೋಡಿದ್ದೀರಿ" ಅಂತ ಮುಂದಕ್ಕೆ ಹೋಗುತ್ತಾರೆ, ನೀವು ನೋಡಿಯೇ ಇರುವುದಿಲ್ಲ. ರಜೆಯಲ್ಲೇ ಆ ಸ್ಟ್ರೀಮ್‌ನವರ ನೋಟ್ಸ್ ತರಿಸಿಕೊಳ್ಳಿ, ಸಿ ಪ್ರೋಗ್ರಾಮಿಂಗ್ ಬರದಿದ್ದರೆ ಅದರಿಂದ ಶುರು ಮಾಡಿ.

ಸ್ವಾಯತ್ತ ಕಾಲೇಜುಗಳ ಕಥೆ ಬೇರೆಯೇ. ಆರ್‌ವಿ, ಬಿಎಂಎಸ್, ಎಂ ಎಸ್ ರಾಮಯ್ಯದಂಥ ಕಾಲೇಜುಗಳು ವಿಟಿಯು ಕೆಳಗೇ ಇದ್ದರೂ ಸಿಲಬಸ್, ಪರೀಕ್ಷೆ ಅವರದ್ದೇ. ಇಂಥ ಕಡೆಗೆ ಹೋಗುವಾಗ ಅಥವಾ ಇಂಥ ಕಡೆಯಿಂದ ಬರುವಾಗ ನೀವು ಓದಿದ ವಿಷಯ ಅಲ್ಲಿನ ವಿಷಯಕ್ಕೆ ಎಷ್ಟು ಹೊಂದುತ್ತದೆ ಅಂತ ನೋಡುತ್ತಾರೆ. ಹೊಂದದೆ ಉಳಿದದ್ದನ್ನು ನೀವು ಹೆಚ್ಚುವರಿಯಾಗಿ ಓದಿ ಬರೆಯಬೇಕಾಗುತ್ತದೆ. ಎರಡು ಕಡೆಯ ಸಿಲಬಸ್ ಪ್ರಿಂಟ್ ತೆಗೆದು, ವಿಷಯದ ಎದುರು ವಿಷಯ ಇಟ್ಟು, ಕ್ರೆಡಿಟ್ ಸಮೇತ ನೀವೇ ಒಂದು ಪಟ್ಟಿ ಮಾಡಿಕೊಂಡು ಹೋದರೆ ಅಲ್ಲಿನ ವಿಭಾಗದ ಮುಖ್ಯಸ್ಥರಿಗೆ (ಎಚ್‌ಒಡಿ) ಅರ್ಧ ಕೆಲಸ ತಪ್ಪುತ್ತದೆ. ಕೆಲಸ ತಪ್ಪಿಸಿದವರ ಅರ್ಜಿ ಬೇಗ ಮುಂದೆ ಹೋಗುತ್ತದೆ ಅನ್ನುವುದು ಯಾವ ಆಫೀಸಿನಲ್ಲೂ ನಿಜ.

ಪತ್ರಗಳ ಸರದಿ

ಇಲ್ಲಿ ಸರದಿ ತಪ್ಪಿದವರೇ ಕೆಡುವುದು. ಮೊದಲು ಹೊಸ ಕಾಲೇಜಿನಿಂದ "ನಮ್ಮಲ್ಲಿ ಸೀಟಿದೆ, ತಗೊಳ್ಳಲು ಅಭ್ಯಂತರ ಇಲ್ಲ" ಅನ್ನುವ ಪತ್ರ. ಅದನ್ನು ಹಿಡಿದುಕೊಂಡು ಹಳೇ ಕಾಲೇಜಿನಿಂದ "ಕಳಿಸಲು ಅಭ್ಯಂತರ ಇಲ್ಲ" ಅನ್ನುವ ಎನ್‌ಒಸಿ. ಆಮೇಲೆ ಕಾಲೇಜಿನ ಮೂಲಕ, ಶುಲ್ಕ ಕಟ್ಟಿ, ವಿಶ್ವವಿದ್ಯಾಲಯಕ್ಕೆ ಅರ್ಜಿ. ಸರ್ಕಾರಿ ಅಥವಾ ಅನುದಾನಿತ ಕಾಲೇಜಾದರೆ ನಡುವೆ ತಾಂತ್ರಿಕ ಶಿಕ್ಷಣ ಇಲಾಖೆಯೂ ಬರುತ್ತದೆ. ಒಪ್ಪಿಗೆ ಆದೇಶ ಕೈಗೆ ಬಂದ ಮೇಲೆ, ಎಲ್ಲದರ ಕೊನೆಗೆ, ಟಿಸಿ.

ಟಿಸಿ ಕೊನೆಗೆ. ಇನ್ನೊಂದು ಸಲ ಓದಿ. ಹಳೇ ಕಾಲೇಜಿನಲ್ಲಿ ನನ್ನ ರೂಮ್‌ಮೇಟ್ ಆಗಿದ್ದವನು ಹೊಸ ಕಾಲೇಜಿನವರ ಬಾಯಿಮಾತು ನಂಬಿ, ಮೇಲಿಂದ ಇಲ್ಲಿನ ಮೇಷ್ಟ್ರ ಮೇಲಿನ ಸಿಟ್ಟಿಗೆ, ಮೊದಲೇ ಟಿಸಿ ತಗೊಂಡು ಗೇಟಿಂದ ಹೊರಗೆ ಬಂದ. ಹತ್ತು ದಿನ ಬಿಟ್ಟು ಅಲ್ಲಿ ಹೋದರೆ ಆ ಸೀಟು ಡಿಪ್ಲೊಮಾದವರಿಗೆ ಹೋಗಿತ್ತು. ಅತ್ತ ದರಿ ಇತ್ತ ಪುಲಿ. ಬಿಟ್ಟುಬಂದ ಕಾಲೇಜಿನವರೇ ಕೊನೆಗೆ ಕರುಣೆ ತೋರಿಸಿ ವಾಪಸ್ ಸೇರಿಸಿಕೊಂಡರು, ಆದರೆ ಒಂದು ತಿಂಗಳ ಹಾಜರಾತಿ ಹೋಯಿತು.

ಪತ್ರ ಬರೆಯುವುದಕ್ಕೆ ಸಾಹಿತ್ಯ ಬೇಡ. ನಾನು ಬರೆದದ್ದು ಇಷ್ಟೇ, ಹೆಸರು ದಿನಾಂಕ ಬಿಟ್ಟರೆ:

"ಮಾನ್ಯರೇ, ನಾನು ತಮ್ಮ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗದ ಎರಡನೇ ಸೆಮಿಸ್ಟರ್ ಮುಗಿಸಿದ್ದೇನೆ. ಮೊದಲ ವರ್ಷದ ಎಲ್ಲಾ ವಿಷಯಗಳಲ್ಲಿ ಪಾಸಾಗಿದ್ದೇನೆ. ತಂದೆಯವರ ಅನಾರೋಗ್ಯದ ಕಾರಣ ನಾನು ಮನೆಯಿಂದ ಓಡಾಡಿ ಓದಬೇಕಾಗಿದೆ. ನಮ್ಮ ಊರಿಗೆ ಹತ್ತಿರದ ಕಾಲೇಜಿನಲ್ಲಿ ಇದೇ ವಿಭಾಗದಲ್ಲಿ ಸೀಟು ಖಾಲಿ ಇದ್ದು, ಅವರ ಪತ್ರ ಲಗತ್ತಿಸಿದ್ದೇನೆ. ಈ ವರ್ಷದ ಶುಲ್ಕ ಪೂರ್ತಿ ಕಟ್ಟಿದ್ದೇನೆ, ರಸೀದಿ ಲಗತ್ತಿಸಿದ್ದೇನೆ. ಮೂರನೇ ಸೆಮಿಸ್ಟರ್‌ಗೆ ಕಾಲೇಜು ಬದಲಾಯಿಸಿಕೊಳ್ಳಲು ಎನ್‌ಒಸಿ ನೀಡಬೇಕೆಂದು ಕೋರುತ್ತೇನೆ."

ಕಾಲೇಜಿನ ಬಗ್ಗೆ ದೂರು ಒಂದಕ್ಷರ ಬರೆಯಬೇಡಿ. ಊಟ ಚೆನ್ನಾಗಿಲ್ಲ, ಪಾಠ ಚೆನ್ನಾಗಿಲ್ಲ, ಪ್ಲೇಸ್‌ಮೆಂಟ್ ಇಲ್ಲ, ಇದೆಲ್ಲ ನಿಜವೇ ಇರಬಹುದು. ಆದರೆ ಸಹಿ ಹಾಕಬೇಕಾದವರು ಅದೇ ಪ್ರಿನ್ಸಿಪಾಲರು ಅಲ್ವಾ. ಆರೋಗ್ಯದ ಕಾರಣ ಇದ್ದರೆ ವೈದ್ಯರ ಚೀಟಿ ಲಗತ್ತಿಸಿ. ಅಪ್ಪ ಅಮ್ಮನ ಸಹಿಯೂ ಕೆಳಗಿರಲಿ. ಎರಡು ಪ್ರತಿ ತಗೊಂಡು ಹೋಗಿ, ಒಂದನ್ನು ಆಫೀಸಿನ ಟಪಾಲು ವಿಭಾಗಕ್ಕೆ ಕೊಟ್ಟು ಇನ್ನೊಂದರ ಮೇಲೆ ಇನ್‌ವರ್ಡ್ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಆ ಸೀಲು ಇಲ್ಲದಿದ್ದರೆ ನೀವು ಅರ್ಜಿ ಕೊಟ್ಟೇ ಇಲ್ಲ ಅಂತ ಲೆಕ್ಕ.

ಉಳಿದ ಮೂರು ವರ್ಷದ ಫೀಸ್

ಇದು ಬಂದೇ ಬರುತ್ತದೆ, ಅದಕ್ಕೆ ತಯಾರಾಗಿರಿ. ನಾನು ಎನ್‌ಒಸಿ ಕೇಳಲು ಹೋದಾಗ ಕೌಂಟರಿನ ಆಚೆ ಕೂತಿದ್ದವರು ತಲೆ ಎತ್ತದೆ ಕ್ಯಾಲ್ಕುಲೇಟರ್ ಒತ್ತಿ, ಒಂದು ಹಳದಿ ಚೀಟಿಯಲ್ಲಿ ಮೊತ್ತ ಬರೆದು ನನ್ನ ಕಡೆ ತಳ್ಳಿದರು. ಬಾಕಿ ಮೂರು ವರ್ಷದ ಫೀಸ್. ಅದು ಕಟ್ಟಿದರೆ ಪೇಪರ್, ಇಲ್ಲಾಂದ್ರೆ ಇಲ್ಲೇ ಓದು ಅಂದರು. ನನ್ನ ಹತ್ತನೇ ಕ್ಲಾಸ್, ಪಿಯುಸಿ ಮೂಲ ಅಂಕಪಟ್ಟಿ ಅವರ ಬೀರುವಿನಲ್ಲೇ ಇದ್ದವು, ಸೇರುವಾಗ ಖುಷಿಯಲ್ಲಿ ರಸೀದಿ ಕೂಡ ಕೇಳದೆ ಕೊಟ್ಟುಬಿಟ್ಟಿದ್ದೆ. ಅಮ್ಮ ಪಕ್ಕದಲ್ಲಿ ಕೂತು ಆ ಚೀಟಿಯನ್ನೇ ನೋಡುತ್ತಿದ್ದರು, ಏನೂ ಮಾತಾಡಲಿಲ್ಲ.

ಮನೆಗೆ ಬಂದು ನಮ್ಮ ಊರಿನ ಒಬ್ಬ ಲೆಕ್ಚರರ್ ಹತ್ತಿರ ಹೋದೆವು. ಅವರು ಹೇಳಿದ್ದು ಎರಡು ವಿಷಯ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ಕಾಲೇಜುಗಳು ವಿದ್ಯಾರ್ಥಿಯ ಮೂಲ ಸರ್ಟಿಫಿಕೇಟ್ ಇಟ್ಟುಕೊಳ್ಳುವಂತಿಲ್ಲ, ಪರಿಶೀಲಿಸಿ ವಾಪಸ್ ಕೊಡಬೇಕು. ಮತ್ತೆ, ಓದುತ್ತಿರುವ ಸೆಮಿಸ್ಟರ್ ಅಥವಾ ವರ್ಷದ ಫೀಸ್ ಮಾತ್ರ ಮುಂಗಡವಾಗಿ ತಗೊಳ್ಳಬಹುದು, ಪೂರ್ತಿ ಕೋರ್ಸಿನದ್ದನ್ನು ಕೇಳುವಂತಿಲ್ಲ. ಅದರ ಪ್ರತಿ ಪ್ರಿಂಟ್ ತೆಗೆದು, ಆ ಸಾಲುಗಳ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಅರ್ಜಿಯ ಜೊತೆ ಪಿನ್ ಮಾಡಿದೆ. ಜಗಳ ಮಾಡಲಿಲ್ಲ. "ಸಾರ್, ಮೂರು ವರ್ಷದ ಫೀಸ್ ಕಟ್ಟಬೇಕು ಅಂತ ಬರಹದಲ್ಲಿ ಕೊಡಿ, ಮನೆಯಲ್ಲಿ ತೋರಿಸುತ್ತೇನೆ" ಅಂದೆ. ಬರಹದಲ್ಲಿ ಯಾರೂ ಕೊಡಲಿಲ್ಲ. ಮೂರನೇ ಸಲ ಹೋದಾಗ ಲೈಬ್ರರಿ, ಹಾಸ್ಟೆಲ್, ಲ್ಯಾಬ್ ಎಲ್ಲದರ ನೋ ಡ್ಯೂ ಹಾಕಿಸಿಕೊಂಡು ಬಾ ಅಂದರು, ಕಟ್ಟಿದ್ದು ಲ್ಯಾಬಿನಲ್ಲಿ ಒಡೆದ ಒಂದು ಮೀಟರಿನ ದುಡ್ಡು ಮಾತ್ರ. ಅದನ್ನು ಒಡೆದವನು ನಾನಲ್ಲ, ಆದರೆ ಆ ಹೊತ್ತಿಗೆ ವಾದ ಮಾಡುವ ಶಕ್ತಿ ಇರಲಿಲ್ಲ.

ಹೊಸ ಕಾಲೇಜಿನಲ್ಲೂ ದುಡ್ಡಿನ ಮಾತು ಮೊದಲೇ ಮುಗಿಸಿ. ನೀವು ಸಿಇಟಿ ಮೂಲಕ ಸರ್ಕಾರಿ ಕೋಟಾದಲ್ಲಿ ಬಂದವರಾದರೂ ಅಲ್ಲಿ ಖಾಲಿ ಇರುವುದು ಮ್ಯಾನೇಜ್‌ಮೆಂಟ್ ಸೀಟಾಗಿರಬಹುದು. ಯಾವ ಕೋಟಾದ ಸೀಟು, ಮೂರೂ ವರ್ಷಕ್ಕೆ ಫೀಸ್ ಎಷ್ಟು, ಸೇರುವಾಗ ಬೇರೆ ಏನಾದರೂ ಕಟ್ಟಬೇಕಾ ಅಂತ ಕೇಳಿ ಬರೆಸಿಕೊಳ್ಳಿ. ರಸೀದಿ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಕಾಲೇಜಿನ ಗೇಟಿನ ಹೊರಗೆ ಟೀ ಅಂಗಡಿಯಲ್ಲಿ ಸಿಗುವ "ನಮ್ಮವರು ಒಳಗಿದ್ದಾರೆ" ಅನ್ನುವವರಿಗಂತೂ ಟೀ ಕೂಡ ಕುಡಿಸಬೇಡಿ.

ಸುಮ್ನೆ ಮರೆತುಹೋಗುವ ಸಣ್ಣ ಕೆಲಸಗಳು

ವಿದ್ಯಾರ್ಥಿವೇತನ ಬರುತ್ತಿದ್ದರೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿಯಲ್ಲಿ ನಿಮ್ಮ ಕಾಲೇಜಿನ ಹೆಸರು ಬದಲಾಗಬೇಕು, ಇಲ್ಲದಿದ್ದರೆ ಅರ್ಜಿ ಹಳೇ ಕಾಲೇಜಿನವರ ಲಾಗಿನ್‌ಗೆ ಹೋಗಿ ಅಲ್ಲೇ ಕೂರುತ್ತದೆ. ಹೊಸ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ನೋಡಿಕೊಳ್ಳುವವರನ್ನು ಸೇರಿದ ವಾರದಲ್ಲೇ ಹಿಡಿಯಿರಿ. ಬ್ಯಾಂಕ್ ಸಾಲ ಇದ್ದರೆ ಮುಂದಿನ ಕಂತು ಹೋಗುವುದು ಕಾಲೇಜಿನ ಖಾತೆಗೇ, ಹಾಗಾಗಿ ಮ್ಯಾನೇಜರ್‌ಗೆ ಮುಂಚೆಯೇ ಹೇಳಿ ಹೊಸ ಕಾಲೇಜಿನ ಫೀಸ್ ವಿವರ ಕೊಡಿ. ಬಸ್ ಪಾಸ್ ಹೊಸದಾಗಿ ಮಾಡಿಸಬೇಕು. ಹಿಂದುಳಿದ ವರ್ಗಗಳ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನಲ್ಲಿದ್ದರೆ ಇನ್ನೊಂದು ಊರಿನ ಹಾಸ್ಟೆಲಿನಲ್ಲಿ ತಾನಾಗಿ ಜಾಗ ಸಿಗುವುದಿಲ್ಲ, ಅಲ್ಲಿ ಮತ್ತೆ ಅರ್ಜಿ ಹಾಕಿ.

ಹಾಜರಾತಿ ವಿಟಿಯುನಲ್ಲಿ 85% ಬೇಕು. ನೀವು ಸೇರುವ ಹೊತ್ತಿಗೆ ಕ್ಲಾಸ್ ಶುರುವಾಗಿ ಮೂರು ವಾರ ಆಗಿರಬಹುದು. ನಿಮ್ಮ ಹಾಜರಾತಿ ಯಾವ ದಿನದಿಂದ ಲೆಕ್ಕ ಅಂತ ಎಚ್‌ಒಡಿ ಹತ್ತಿರ ಮೊದಲ ದಿನವೇ ಕೇಳಿ. ಆದೇಶ ಬರುವವರೆಗೆ ಹಳೇ ಕಾಲೇಜಿನ ಕ್ಲಾಸಿಗೆ ಹೋಗುತ್ತಿರಿ, ಮನೆಯಲ್ಲಿ ಕೂರಬೇಡಿ.

ಬಿಎ, ಬಿಎಸ್‌ಸಿ, ಬಿಕಾಂನವರಿಗೆ ಒಂದೇ ಮಾತು. ಒಂದೇ ವಿಶ್ವವಿದ್ಯಾಲಯದೊಳಗೆ ಕಾಲೇಜು ಬದಲಿಸುವುದು ಅಲ್ಲಿ ಇಷ್ಟು ಕಷ್ಟ ಅಲ್ಲ, ಆದರೆ ಹೋಗುವ ಕಾಲೇಜಿನಲ್ಲಿ ನಿಮ್ಮ ವಿಷಯಗಳೆಲ್ಲ ಇರಬೇಕು. ಇತಿಹಾಸ, ಅರ್ಥಶಾಸ್ತ್ರ ಇದೆ ಅಂತ ಹೋಗಿ, ಭಾಷೆ ವಿಷಯದಲ್ಲಿ ನೀವು ತಗೊಂಡ ಸಂಸ್ಕೃತವೋ ಉರ್ದುವೋ ಅಲ್ಲಿಲ್ಲ ಅಂತ ಆಮೇಲೆ ಗೊತ್ತಾದವರಿದ್ದಾರೆ.

ಸೀಟು ಸಿಗದಿದ್ದರೆ?

ಜಾಸ್ತಿ ಜನಕ್ಕೆ ಸಿಗುವುದಿಲ್ಲ. ಅದಕ್ಕೆ ಇದನ್ನೂ ಬರೆಯುತ್ತೇನೆ. ಸಿವಿಲ್, ಮೆಕ್ಯಾನಿಕಲ್‌ನಲ್ಲಿ ಇದ್ದುಕೊಂಡೇ ಸಾಫ್ಟ್‌ವೇರ್ ಕಡೆ ಹೋಗುವುದು ಕರ್ನಾಟಕದಲ್ಲಿ ಹೊಸದೇನಲ್ಲ. ದೊಡ್ಡ ಐಟಿ ಕಂಪನಿಗಳಲ್ಲಿ ಹಲವು ಕ್ಯಾಂಪಸ್‌ಗೆ ಬಂದಾಗ ಬ್ರಾಂಚ್ ನೋಡುವುದಿಲ್ಲ, ಅಂಕ ಮತ್ತು ಪರೀಕ್ಷೆ ನೋಡುತ್ತವೆ. ಓಪನ್ ಎಲೆಕ್ಟಿವ್ ಬಂದಾಗ ಬೇರೆ ವಿಭಾಗದ ವಿಷಯ ತಗೊಳ್ಳಬಹುದು. ಐಐಟಿಗಳು ನಡೆಸುವ ಎನ್‌ಪಿಟಿಇಎಲ್ ಆನ್‌ಲೈನ್ ಕೋರ್ಸುಗಳ ಮೂಲಕ ಹೆಚ್ಚುವರಿ 18 ಕ್ರೆಡಿಟ್ ಗಳಿಸಿ ಆನರ್ಸ್ ಪಡೆಯುವ ದಾರಿಯೂ ವಿಟಿಯುನಲ್ಲಿದೆ. ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆಯಲ್ಲಿ ಈಗ ಎರಡು ಪೇಪರ್ ಬರೆಯಲು ಅವಕಾಶ ಇದೆ.

ಕಾಲೇಜಿನ ವಿಷಯಕ್ಕೆ ಬಂದರೆ, ದೂರದ ಬೆಟ್ಟ ನುಣ್ಣಗೆ. ನಾನು ಹೋದ ಕಾಲೇಜಿನಲ್ಲೂ ಲ್ಯಾಬಿನಲ್ಲಿ ನಾಲ್ಕು ಜನಕ್ಕೆ ಒಂದೇ ಆಸಿಲೋಸ್ಕೋಪ್ ಇತ್ತು, ಅಲ್ಲೂ ಒಬ್ಬ ಮೇಷ್ಟ್ರು ಪಿಪಿಟಿ ಓದಿ ಮುಗಿಸುತ್ತಿದ್ದರು. ನನಗೆ ಮನೆಗೆ ಹೋಗಬೇಕಿತ್ತು, ಹೋದೆ, ಅದು ಸರಿಯಾಯಿತು. ಬರೀ ಪಾಠ ಚೆನ್ನಾಗಿರುತ್ತದೆ ಅಂತ ಹೋಗುವವರು ಅಲ್ಲಿ ಮೂರನೇ ವರ್ಷದಲ್ಲಿ ಓದುತ್ತಿರುವ ಇಬ್ಬರನ್ನು ಕ್ಯಾಂಟೀನಿನಲ್ಲಿ ಹಿಡಿದು ಅರ್ಧ ಗಂಟೆ ಮಾತಾಡಿಸಿ. ವೆಬ್‌ಸೈಟಿನ ಫೋಟೋ ನೋಡಬೇಡಿ.

ಹೊರಡುವ ದಿನ ಹಳೇ ಕ್ಲಾಸಿನ ವಾಟ್ಸಾಪ್ ಗ್ರೂಪಿನಿಂದ ಮಾತ್ರ ಹೊರಗೆ ಬರಬೇಡಿ. ವಿಟಿಯು ಒರಿಜಿನಲ್ ಮಾರ್ಕ್ಸ್ ಕಾರ್ಡ್ ಪ್ರಿಂಟ್ ಆಗಿ ಬರುವುದು ನಿಧಾನ, ಬರುವುದು ಪರೀಕ್ಷೆ ಬರೆದ ಕಾಲೇಜಿಗೆ. ನನ್ನ ಎರಡನೇ ಸೆಮಿಸ್ಟರಿನದ್ದು ಬಂದಾಗ ನಾನು ಹಾಸನದಲ್ಲಿ ನಾಲ್ಕನೇ ಸೆಮಿಸ್ಟರ್ ಇಂಟರ್ನಲ್ಸ್ ಬರೆಯುತ್ತಿದ್ದೆ. ಗ್ರೂಪಿನಲ್ಲಿ ಪಟ್ಟಿ ಬಂತು, ನನ್ನ ಹೆಸರೂ ಇತ್ತು. ಟಿಸಿ ತಗೊಂಡು ವಾಪಸ್ ಸೇರಿದ್ದ ಆ ರೂಮ್‌ಮೇಟೇ ಅವನ ಕೈಗೆ ಕೊಡಿ ಅಂತ ನಾನು ಬರೆದ ಪತ್ರ ತೋರಿಸಿ, ಸಹಿ ಮಾಡಿ ತಗೊಂಡು, ಹಬ್ಬಕ್ಕೆ ಊರಿಗೆ ಹೋಗುವಾಗ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಕೈಗಿಟ್ಟ.